ಸಾಕಲು ತಂದ ನಾಯಿಯೂ ಮನೆಯ ಹಳೆಯ ಬೆಕ್ಕೂ



ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳು ಮನೆಯೊಳಗೆ ಬಂದವೆಂದರೆ ಅವುಗಳ ಹಿಂದೆಯೇ ಇಲಿಯೂ ಬರುತ್ತದೆ. ಅದನ್ನು ಕರೆಯುವುದಕ್ಕೆ ಯಾರೂ ಹೋಗಬೇಕಾದ್ದಿಲ್ಲ. ಸುಮಾರಾಗಿ ಅದೇ ದಿನಗಳಲ್ಲಿ, ಭರತ ಹುಣ್ಣಿಮೆಗೆ, ಮೈಲಾರದ ಜಾತ್ರೆ ಕೂಡುತ್ತದೆ. ಮಾಗಳ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಮಂದಿ ಗಾಡಿ ಕಟ್ಟಿಕೊಂಡು, ಟ್ರ್ಯಾಕ್ಟರು ಹತ್ತಿಕೊಂಡು ಹೋಗಿ ಬರುತ್ತಾರೆ. ಮಂದಿ ಚದುರಿದ ಮೇಲೆ ಅಂಗಡಿಗಳ ಹಿಂದೆ, ಬಸ್ಸು ನಿಲ್ಲುವಲ್ಲಿ, ಹೊಳೆದಂಡೆಯಲ್ಲಿ ಒಡೆಯರಿಲ್ಲದ ನಾಯಿಗಳು ಕಾಣಿಸುತ್ತವೆ. ಒಂದಕ್ಕೆ ಕಾಲು ಮುರಿದಿರುತ್ತದೆ, ಇನ್ನೊಂದಕ್ಕೆ ಮೈತುಂಬ ಕಜ್ಜಿ. ಅಂಥದೊಂದನ್ನು ಕಂಡು ಕರುಳು ಚುರ್ ಎಂದು ನೀವು ಮನೆಗೆ ಕರೆತಂದಿರಿ ಎನ್ನೋಣ.

ತಂದದ್ದು ಒಳ್ಳೆಯ ಕೆಲಸ. ನಮ್ಮ ಸೀಮೆಯಲ್ಲಿ ನಾಯಿಯೆಂದರೆ ಬರೀ ಕಾವಲಿನ ಪ್ರಾಣಿಯಲ್ಲ, ಮೈಲಾರಲಿಂಗನ ಜೊತೆಗಾರ. ಕರಿ ಕಂಬಳಿ ಹೊದ್ದ ಗೊರವಯ್ಯ ನಾಯಿಯಂತೆ ಬೊಗಳುತ್ತ ದೋಣಿಗೆ ಬಾಯಿ ಹಚ್ಚಿ ಉಣ್ಣುವ ಸೇವೆಯನ್ನು ನೀವೆಲ್ಲ ಕಂಡವರೇ. ಆದರೆ ನಿಮ್ಮ ಮನೆಯೊಳಗೆ ಮೊದಲಿನಿಂದಲೂ ಒಂದು ಬೆಕ್ಕು ಇದೆಯಲ್ಲ? ಚೀಲದ ಮೇಲೆ ಮಲಗಿ, ನಾಗಂದಿಗೆಯ ಮೇಲೆ ಓಡಾಡಿ, ಕೂಲಿ ಕೇಳದೆ ಕಾಳು ಕಾಯುವ ಬೆಕ್ಕು. ಹೊಸದಾಗಿ ಬಂದ ನಾಯಿಯನ್ನು ಈ ಹಳೆಯ ಬೆಕ್ಕಿಗೆ ಹೇಗೆ ಪರಿಚಯ ಮಾಡಿಸಬೇಕು ಎಂಬುದರ ಬಗ್ಗೆ ಈಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇದೇನು ದೊಡ್ಡ ವಿಷಯ, ಎರಡನ್ನೂ ಬಿಟ್ಟರೆ ತಾವೇ ಹೊಂದಿಕೊಳ್ತಾವೆ ಅಂತೀರೇನು? ಕೆಲವು ಹೊಂದಿಕೊಳ್ಳುವುದುಂಟು. ಹೊಂದಿಕೊಳ್ಳದಿದ್ದರೆ ಏನಾಗುತ್ತದೆ ನೋಡಿ. ನಾಯಿ ಬೆಕ್ಕನ್ನು ಹಿಡಿದು ಕೊಡವಿದರೆ ಬೆಕ್ಕಿನ ಪ್ರಾಣ ಅಲ್ಲಿಗೇ ಮುಗಿಯಿತು. ಹಿಡಿಯದೆ ಬರೀ ಬೆನ್ನಟ್ಟಿದರೂ ಬೆಕ್ಕು ಮನೆ ಬಿಟ್ಟು ಪಕ್ಕದ ಓಣಿ ಸೇರುತ್ತದೆ. ಸುಂಡಿಲಿ ಗಬ್ಬವಾದ ಮೂರು ವಾರಕ್ಕೆ ಈಯುತ್ತದೆ, ಒಂದು ಸೂಲಿಗೆ ಐದಾರು ಮರಿ. ಬೆಕ್ಕಿಲ್ಲದ ಮನೆಯಲ್ಲಿ ಎರಡು ತಿಂಗಳು ಕಳೆಯುವುದರೊಳಗೆ ಚೀಲಗಳು ತೂತು ಬೀಳುತ್ತವೆ. ಇಲಿ ತಿಂದದ್ದಕ್ಕಿಂತ ಅದರ ಹಿಕ್ಕೆ, ಉಚ್ಚೆಯಿಂದ ಕೆಡುವ ಕಾಳೇ ಹೆಚ್ಚು. ಆಗ ಮನೆಯವರು ಬೇಸತ್ತು ಜಿಂಕ್ ಫಾಸ್ಫೈಡ್ ಪುಡಿ ತಂದು ಹಿಟ್ಟಿನಲ್ಲಿ ಕಲಸಿ ಇಡುತ್ತಾರೆ. ಆ ಉಂಡೆಯನ್ನು ಮೂಸಿ ತಿನ್ನುವುದು ಯಾರು? ನೀವು ಕರುಣೆಯಿಂದ ತಂದ ಅದೇ ನಾಯಿ. ಮನೆಯ ಕೂಸೂ ಅದಕ್ಕೆ ಕೈ ಹಚ್ಚಬಹುದು. ಒಂದು ಬೆಕ್ಕು ಹೊರಬಿದ್ದದ್ದರಿಂದ ಇಷ್ಟೆಲ್ಲ ಆಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲುಶಾಸನ ಸಿಕ್ಕಿದೆ. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದದ್ದು, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದು ಅದರಲ್ಲಿ ಬರೆದಿದೆ. ನಾಯಿಯ ಶೌರ್ಯಕ್ಕೆ ಕಲ್ಲು ನಿಲ್ಲಿಸಿದರು. ವರ್ಷವೆಲ್ಲ ಜೋಳ ಕಾಯ್ದ ಬೆಕ್ಕಿಗೆ ನಿಲ್ಲಿಸಿದ ಕಲ್ಲನ್ನು ನಾನಂತೂ ಎಲ್ಲಿಯೂ ಕಂಡಿಲ್ಲ. ಅದು ಅಡ್ಡ ಬಂದರೆ ಅಪಶಕುನ ಎಂದು ಬೈಸಿಕೊಳ್ಳುವುದಷ್ಟೇ ಅದರ ಪಾಲಿಗೆ ಬಂದಿದೆ.

ಈಗ ನಾಯಿಗೂ ಬೆಕ್ಕಿಗೂ ಹುಟ್ಟುಹಗೆ ಎನ್ನುವ ಮಾತನ್ನು ನೋಡೋಣ. ಇದು ಪೂರ್ತಿ ನಿಜವಲ್ಲ. ಅವುಗಳಲ್ಲಿ ಹಗೆಗಿಂತ ಹೆಚ್ಚಾಗಿ ಇರುವುದು ಮಾತು ತಿಳಿಯದ ತೊಂದರೆ. ನಾಯಿ ಬಾಲ ಆಡಿಸಿದರೆ ಬಹಳ ಸಲ ಗೆಳೆತನ. ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಸಿಟ್ಟು. ಬೆಕ್ಕು ಬಾಲವನ್ನು ಕೋಲಿನಂತೆ ನೆಟ್ಟಗೆ ಎತ್ತಿಕೊಂಡು ಬಂದರೆ ಅದು ನಮಸ್ಕಾರ; ನಾಯಿ ಬಾಲ ಎತ್ತಿ ಬಿಗಿಯಾಗಿ ನಿಂತರೆ ಅದು ಜಂಬ, ಜಗಳಕ್ಕೆ ಮೊದಲಿನ ನಿಲುವು. ನಾಯಿ ಅಂಗಾತ ಬಿದ್ದರೆ 'ನಾನು ಸೋತೆ' ಎಂದು ಅರ್ಥ. ಜಗಳದಲ್ಲಿ ಬೆಕ್ಕು ಅಂಗಾತ ಬಿದ್ದರೆ ನಾಲ್ಕೂ ಕಾಲಿನ ಉಗುರು ಸಿದ್ಧವಾಗಿವೆ ಎಂದು ಅರ್ಥ. ನಾಯಿ ಆಟಕ್ಕೆ ಕರೆಯುವಾಗ ಮುಂಗಾಲು ಎತ್ತುತ್ತದೆ, ಬೆಕ್ಕು ಮುಂಗಾಲು ಎತ್ತಿದರೆ ಮುಂದೆ ಬೀಳುವುದು ಕಪಾಳಕ್ಕೆ ಏಟು. ಹೀಗಾಗಿ ಒಂದು ಆಡಲು ಬಂದರೆ ಇನ್ನೊಂದು ಹೊಡೆಯಲು ಬಂತೆಂದು ತಿಳಿಯುತ್ತದೆ. ಕನ್ನಡ ಬಾರದವನೂ ತೆಲುಗು ಬಾರದವನೂ ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತಂತೆ.

ಸಣ್ಣದರಲ್ಲೇ ಜೊತೆಗೆ ಬೆಳೆದರೆ ಒಂದರ ಮಾತು ಇನ್ನೊಂದು ಕಲಿಯುತ್ತದೆ. ನಾಯಿಮರಿಗೆ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗೆ, ಬೆಕ್ಕಿನ ಮರಿಗೆ ಎರಡರಿಂದ ಏಳನೆಯ ವಾರದವರೆಗೆ, ಕಂಡದ್ದೆಲ್ಲ ತನ್ನವರೇ ಎಂದು ಒಪ್ಪಿಕೊಳ್ಳುವ ವಯಸ್ಸು. ಆ ವಯಸ್ಸು ದಾಟಿದ ನಾಯಿಗೆ ಕಲಿಸಬೇಕಾಗುತ್ತದೆ. ಕಲಿಯುತ್ತದೆ, ಆದರೆ ದಿನ ಹಿಡಿಯುತ್ತದೆ.

ಕಲಿಸುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ. ನಾಯಿಗೆ ಬೆಕ್ಕನ್ನು ಬೆನ್ನಟ್ಟುವ ಮೊದಲ ಅವಕಾಶ ಸಿಗಬಾರದು. ಓಡುವುದನ್ನು ಕಂಡರೆ ತಾನೂ ಓಡುವುದು ನಾಯಿಯ ಹುಟ್ಟುಗುಣ. ಒಂದು ಸಲ ಅಟ್ಟಿದಾಗ ಬೆಕ್ಕು ಓಡಿತೆಂದರೆ ನಾಯಿಗೆ ಅದೊಂದು ಹಬ್ಬ. ಮರುದಿನ ಬೆಕ್ಕು ಸುಮ್ಮನೆ ಕೂತಿದ್ದರೂ ಅದನ್ನು ಎಬ್ಬಿಸಿ ಓಡಿಸಲು ನೋಡುತ್ತದೆ. ಬೆಕ್ಕೂ ಅಷ್ಟೇ, ಒಂದು ಸಲ ಪ್ರಾಣ ಕೈಯಲ್ಲಿ ಹಿಡಿದು ಓಡಿದ ಮೇಲೆ ನಾಯಿಯನ್ನು ಕಂಡೊಡನೆ ಓಡುತ್ತದೆ. ಓಡಿದ್ದಕ್ಕೆ ನಾಯಿ ಅಟ್ಟುತ್ತದೆ, ಅಟ್ಟಿದ್ದಕ್ಕೆ ಬೆಕ್ಕು ಓಡುತ್ತದೆ. ಇದು ಬಿಡಿಸಲಾರದ ಗಂಟು. ಗಂಟು ಬೀಳುವ ಮೊದಲೇ ನೋಡಿಕೊಳ್ಳುವುದು ಸುಲಭ.

ಇಲ್ಲಿ ಹುಡುಗರಿಗೆ ಒಂದು ಮಾತು. 'ಛೂ' ಎಂದು ನಾಯಿಯನ್ನು ಬೆಕ್ಕಿನ ಮೇಲೆ ಬಿಡುವುದು ನಮ್ಮ ಓಣಿಗಳಲ್ಲಿ ಹಳೆಯ ಆಟ. ಹೊಸ ನಾಯಿ ಬಂದ ಮನೆಯಲ್ಲಿ ಆ ಆಟ ಬೇಡವೇ ಬೇಡ. ಕಲಿಸಿದ ಪಾಠವೆಲ್ಲ ಒಂದು 'ಛೂ' ಎಂಬಷ್ಟರಲ್ಲಿ ಹಾಳಾಗುತ್ತದೆ.

ಪರಿಚಯಕ್ಕೆ ಮೊದಲು ದನದ ದವಾಖಾನೆಗೆ ಹೋಗಿ ಬರಬೇಕು. ಬೀದಿಯಲ್ಲಿದ್ದ ನಾಯಿ ಯಾರನ್ನು ಕಚ್ಚಿತ್ತೋ, ಅದನ್ನು ಯಾವುದು ಕಚ್ಚಿತ್ತೋ ಯಾರಿಗೆ ಗೊತ್ತು? ಮೂರು ತಿಂಗಳು ತುಂಬಿದ ನಾಯಿಗೂ ಬೆಕ್ಕಿಗೂ ಹುಚ್ಚುರೋಗದ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುತ್ತಿರಬೇಕು. ಬೆಕ್ಕಿಗೂ ಯಾಕೆ ಎಂದು ಕೇಳುವವರಿದ್ದಾರೆ. ಹುಚ್ಚು ನಾಯಿ ಕಚ್ಚಿದ ಬೆಕ್ಕಿಗೂ ಅದೇ ರೋಗ ಬರುತ್ತದೆ, ಅದು ನಿಮ್ಮ ಕೂಸಿನ ಪಕ್ಕದಲ್ಲೇ ಮಲಗುತ್ತದೆ, ಅದಕ್ಕೆ. ಹೊಟ್ಟೆಯ ಹುಳದ ಔಷಧಿಯನ್ನೂ ಅದೇ ದಿನ ಕೇಳಿಕೊಳ್ಳಿ. ದವಾಖಾನೆ ದೂರವಿದ್ದರೆ ೧೯೬೨ಕ್ಕೆ ಫೋನು ಮಾಡಿ ಸಂಚಾರಿ ಪಶು ಚಿಕಿತ್ಸೆಯವರನ್ನು ವಿಚಾರಿಸಬಹುದು.

ಉಣ್ಣೆ, ಚಿಗಟಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎಮ್ಮೆ ಎತ್ತುಗಳ ಮೈಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿ ಮನೆಯಲ್ಲಿ ಇದ್ದೇ ಇರುತ್ತದೆ. ಹೊಸ ನಾಯಿಗೆ ಉಣ್ಣೆ ಹತ್ತಿದೆಯೆಂದು ಅದನ್ನೇ ಹಚ್ಚಿಬಿಡುತ್ತಾರೆ. ಈ ಜಾತಿಯ ಔಷಧಿ ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತು ಅದನ್ನು ಕರಗಿಸಲಾರದು. ಔಷಧಿ ಹಚ್ಚಿದ ನಾಯಿಯ ಮೈಗೆ ಬೆಕ್ಕು ಮೈ ತಿಕ್ಕಿ, ಆಮೇಲೆ ತನ್ನ ಕೂದಲು ನೆಕ್ಕಿಕೊಂಡರೂ ಸಾಕು, ಮೈ ನಡುಗಿ, ಸೆಳೆತ ಬಂದು ಸಾಯಬಹುದು. ಮನೆಯಲ್ಲಿ ಬೆಕ್ಕಿದೆ ಎಂದು ಮೊದಲೇ ಹೇಳಿ, ಅದಕ್ಕೆ ತಕ್ಕ ಔಷಧಿಯನ್ನು ವೈದ್ಯರಿಂದಲೇ ಪಡೆಯಿರಿ.

ಈಗ ಮನೆಗೆ ಬನ್ನಿ. ಮೊದಲ ಮೂರು ನಾಲ್ಕು ದಿನ ನಾಯಿಗೆ ಕೊಟ್ಟಿಗೆಯ ಒಂದು ಮೂಲೆ, ಬೆಕ್ಕಿಗೆ ಒಳಮನೆ. ನಡುವೆ ಮುಚ್ಚಿದ ಬಾಗಿಲು. ಒಂದರ ಕಣ್ಣಿಗೆ ಒಂದು ಬೀಳಬಾರದು. ಹಳಬನಾದ ಬೆಕ್ಕು ತನ್ನ ಜಾಗ ಬಿಡಬೇಕಾದ್ದಿಲ್ಲ, ಹೊಸಬನೇ ಕಾಯಬೇಕು. ನಾಯಿಯನ್ನು ದಿನವೆಲ್ಲ ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಬಿಗಿಯಬೇಡಿ. ಹಾಗೆ ಕಟ್ಟಿದ ನಾಯಿಗೆ ಸಿಡುಕು ಹೆಚ್ಚುತ್ತದೆ. ಹೊತ್ತಿಗೆ ರೊಟ್ಟಿ ಹಾಲು, ಬೆಳಿಗ್ಗೆ ಸಂಜೆ ಹೊಲದ ಕಡೆ ಒಂದು ಸುತ್ತು, ಮಲಗಲು ಒಂದು ಗೋಣಿತಟ್ಟು ಕೊಡಿ. ಬೀದಿಯಲ್ಲಿ ಒದೆಸಿಕೊಂಡು ಬಂದ ನಾಯಿ ಮೊದಲ ದಿನಗಳಲ್ಲಿ ಬಹಳ ಸೌಮ್ಯವಾಗಿ ಕಾಣುತ್ತದೆ. ಅದು ಸ್ವಭಾವವಲ್ಲ, ಅಂಜಿಕೆ. ಹೊಟ್ಟೆ ತುಂಬಿ ಜೀವ ಬಂದ ಮೇಲೆಯೇ ಅದರ ನಿಜವಾದ ಗುಣ ತಿಳಿಯುವುದು. 'ಬಡಪಾಯಿ, ಬೆಕ್ಕಿನ ತಂಟೆಗೆ ಹೋಗೋದಿಲ್ಲ' ಎಂದು ಎರಡನೆಯ ದಿನವೇ ತೀರ್ಮಾನ ಮಾಡಬೇಡಿ.

ಈ ದಿನಗಳಲ್ಲಿ ಆಗಬೇಕಾದದ್ದು ವಾಸನೆಯ ಪರಿಚಯ. ನಾವು ಮುಖ ನೋಡಿ ಗುರುತು ಹಿಡಿಯುತ್ತೇವೆ, ಅವು ಮೂಗಿನಿಂದ ಹಿಡಿಯುತ್ತವೆ. ನಾಯಿ ಮಲಗಿದ ಗೋಣಿತಟ್ಟಿನ ತುಂಡೊಂದನ್ನು ಬೆಕ್ಕು ಉಣ್ಣುವ ಜಾಗಕ್ಕೆ ಸ್ವಲ್ಪ ದೂರದಲ್ಲಿ ಹಾಕಿರಿ. ಹಳೆಯ ಅರಿವೆಯೊಂದರಿಂದ ಬೆಕ್ಕಿನ ಗಲ್ಲವನ್ನು ಮೆಲ್ಲಗೆ ತಿಕ್ಕಿ, ಆ ಅರಿವೆಯನ್ನು ನಾಯಿಯ ಹತ್ತಿರ ಇಡಿರಿ. ಬೆಕ್ಕು ಕಂಬಕ್ಕೆ, ನಿಮ್ಮ ಕಾಲಿಗೆ ಗಲ್ಲ ತಿಕ್ಕುವುದು 'ಇದು ನನ್ನದು' ಎಂದು ಗುರುತು ಹಾಕುವುದಕ್ಕೆ. ಆ ಗುರುತಿನ ವಾಸನೆಯೇ ನಾಯಿಗೆ ಮೊದಲು ತಲುಪಲಿ. ಗೋಣಿತಟ್ಟನ್ನು ಕಂಡು ಬೆಕ್ಕು ಮೊದಲ ದಿನ ಬುಸ್ ಎನ್ನಬಹುದು. ಒಂದೆರಡು ದಿನದಲ್ಲಿ ಅದರ ಪಕ್ಕದಲ್ಲೇ ಕೂತು ಹಾಲು ಕುಡಿಯಿತೆಂದರೆ ಮುಂದಕ್ಕೆ ಹೋಗಬಹುದು. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಂದೇ ಹೊತ್ತಿಗೆ ಉಣ್ಣಲು ಹಾಕಿ. ಬಾಗಿಲಿನಿಂದ ನಾಲ್ಕು ಮೊಳ ದೂರದಲ್ಲಿ ಶುರುಮಾಡಿ, ದಿನಕ್ಕಿಷ್ಟು ಹತ್ತಿರ ತನ್ನಿ. ಆಚೆಯ ವಾಸನೆ ಬಂದಾಗಲೆಲ್ಲ ಹೊಟ್ಟೆ ತುಂಬುತ್ತದೆ ಎಂಬುದು ಎರಡಕ್ಕೂ ರೂಢಿಯಾಗಬೇಕು.

ಕಣ್ಣಿಗೆ ಕಾಣಿಸುವ ದಿನ ಸಂಜೆಯ ಹೊತ್ತನ್ನು ಆರಿಸಿಕೊಳ್ಳಿ. ನಾಯಿಯನ್ನು ಮೊದಲು ಹೊಲದ ತನಕ ನಡೆಸಿ ದಣಿಸಿ, ಹೊಟ್ಟೆ ತುಂಬಿಸಿ ಕರೆತನ್ನಿ. ಕೊರಳಿಗೆ ಉರುಲು ಬೇಡ, ಅಗಲವಾದ ಪಟ್ಟಿ ಕಟ್ಟಿ ಅದಕ್ಕೆ ಹಗ್ಗ ಹಾಕಿ. ಹಗ್ಗ ಒಬ್ಬರ ಕೈಯಲ್ಲಿರಲಿ. ಅದು ಬಿಗಿಯಾಗಿರಬಾರದು, ಬಿಗಿದು ಎಳೆದಷ್ಟೂ ನಾಯಿ ಮುಂದಕ್ಕೆ ಜಗ್ಗುತ್ತದೆ. ಬೆಕ್ಕು ಸ್ವತಂತ್ರವಾಗಿರಲಿ, ಅದಕ್ಕೆ ಹತ್ತಿ ಕೂಡಲು ಅಟ್ಟವೋ ನಾಗಂದಿಗೆಯೋ ಚೀಲದ ಒಟ್ಟೋ ಹತ್ತಿರದಲ್ಲಿರಲಿ, ಹೊರಗೆ ಹೋಗಲು ದಾರಿಯೂ ಇರಲಿ. ಕೆಲವರು ಬೆಕ್ಕನ್ನು ಕೋಳಿಯ ಹಾಗೆ ಬುಟ್ಟಿಯಡಿ ಮುಚ್ಚಿ ನಾಯಿಗೆ ಮೂಸಲು ಬಿಡುತ್ತಾರೆ. ಇನ್ನು ಕೆಲವರು ಕತ್ತು ಹಿಡಿದೆತ್ತಿ ನಾಯಿಯ ಮೂತಿಗೆ ಹಿಡಿಯುತ್ತಾರೆ. ಎರಡೂ ಕೆಟ್ಟ ಪದ್ಧತಿ. ಓಡಲು ದಾರಿಯಿಲ್ಲದ ಬೆಕ್ಕು ನಾಯಿಯ ಕಣ್ಣನ್ನೇ ಪರಚುತ್ತದೆ, ಇಲ್ಲವೆ ಹಿಡಿದವರ ಕೈಯನ್ನು.

ಆಗ ನಾಯಿಯನ್ನು ನೋಡುತ್ತಿರಿ. ಬೆಕ್ಕಿನ ಕಡೆ ಒಮ್ಮೆ ನೋಡಿ, ನೆಲ ಮೂಸಿ, ತಿರುಗಿ ನಿಮ್ಮ ಮುಖ ನೋಡಿದರೆ ಕೂಡಲೇ ಒಂದು ಚೂರು ರೊಟ್ಟಿ ಕೊಡಿ, ಮೆಲ್ಲನೆ ಮಾತಾಡಿಸಿ. ಬೆಕ್ಕನ್ನು ನೋಡಿ ಮುಖ ತಿರುಗಿಸಿದರೆ ರೊಟ್ಟಿ ಸಿಗುತ್ತದೆ ಎಂಬುದೇ ನೀವು ಕಲಿಸುವ ಪಾಠ. ಅದರ ಬದಲು ಬಾಯಿ ಮುಚ್ಚಿ, ಕಿವಿ ನಿಮಿರಿಸಿ, ಮೈ ಕಲ್ಲಾಗಿಸಿ, ರೆಪ್ಪೆ ಹೊಡೆಯದೆ ನೋಡಿದರೆ ಅದು ಬೇಟೆಯ ನೋಟ. ಬೊಗಳುವ ನಾಯಿಗಿಂತ ಹೀಗೆ ಸುಮ್ಮನೆ ನೋಡುವ ನಾಯಿಗೇ ಹೆಚ್ಚು ಅಂಜಬೇಕು. ಆಗ ಗದರದೆ, ಹೆಸರು ಹಿಡಿದು ಕರೆದು, ಬೆಕ್ಕು ಕಾಣದಷ್ಟು ದೂರಕ್ಕೆ ಕರೆದೊಯ್ಯಿರಿ. ಮೊದಲ ದಿನ ಐದು ನಿಮಿಷ ಸಾಕು. ಇನ್ನೂ ಸ್ವಲ್ಪ ನೋಡೋಣ ಎಂದು ಎಳೆಯುವುದರಿಂದಲೇ ಕೆಲಸ ಕೆಡುವುದು.

ಹೊಡೆಯಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ನಮ್ಮಲ್ಲಿ ಬುದ್ಧಿ ಕಲಿಸುವುದೆಂದರೆ ಬಾರುಕೋಲು ತೆಗೆಯುವುದೇ ಎಂದು ತಿಳಿದವರು ಬಹಳ. ಬೆಕ್ಕನ್ನು ನೋಡಿದಾಗಲೆಲ್ಲ ಏಟು ಬಿದ್ದರೆ 'ಈ ಬೆಕ್ಕು ಬಂದರೆ ನನಗೆ ಏಟು' ಎಂದು ನಾಯಿ ಲೆಕ್ಕ ಹಾಕುತ್ತದೆ. ನೀವು ಮನೆಯಲ್ಲಿಲ್ಲದ ದಿನ ಆ ಸಿಟ್ಟನ್ನು ಬೆಕ್ಕಿನ ಮೇಲೆ ತೀರಿಸಿಕೊಳ್ಳುತ್ತದೆ.

ಹೀಗೆ ದಿನಕ್ಕೆ ಎರಡು ಸಲ ನಡೆಯಲಿ. ನಾಯಿ ಬೆಕ್ಕನ್ನು ಕಂಡೂ ಕಾಣದಂತೆ ಮಲಗುವುದನ್ನು ಕಲಿತ ಮೇಲೆ ಹಗ್ಗವನ್ನು ಕೈಯಿಂದ ಬಿಡಿ, ಕೊರಳಿನಿಂದ ಬಿಚ್ಚಬೇಡಿ. ಅದು ನೆಲದ ಮೇಲೆ ಎಳೆಯುತ್ತಿದ್ದರೆ ಬೇಕಾದಾಗ ತುಳಿದು ನಿಲ್ಲಿಸಬಹುದು. ಕೆಲವು ನಾಯಿಗೆ ಹದಿನೈದು ದಿನ ಸಾಕು, ಕೆಲವಕ್ಕೆ ಎರಡು ಮೂರು ತಿಂಗಳು. ಬಿತ್ತಿದ ಮರುದಿನ ಮಣ್ಣು ಕೆದರಿ ಮೊಳಕೆ ನೋಡುವವರಿಗೆ ಈ ಕೆಲಸ ಆಗದು. ಅಲ್ಲಿಯವರೆಗೆ ಮನೆಯವರೆಲ್ಲ ಹೊಲಕ್ಕೆ ಹೋದಾಗ, ರಾತ್ರಿ ಮಲಗುವಾಗ, ಎರಡನ್ನೂ ಬೇರೆ ಬೇರೆ ಇಡಬೇಕು. ಒಳಬಾಗಿಲಿನ ಕೆಳಗೆ ಬೆಕ್ಕು ಮಾತ್ರ ನುಸುಳುವಷ್ಟು, ಒಂದು ಗೇಣಿಗಿಂತ ಕಡಿಮೆ ಅಗಲದ ಕಂಡಿ ಕೊರೆಸಿದರೆ ಅದಕ್ಕೆ ಶಾಶ್ವತವಾದ ಧೈರ್ಯ.

ಉಣ್ಣುವ ತಾಟುಗಳು ಕೊನೆಯವರೆಗೂ ಬೇರೆಯೇ ಇರಲಿ. ನಾಯಿಯದು ನೆಲದ ಮೇಲೆ, ಬೆಕ್ಕಿನದು ಕಟ್ಟೆಯ ಮೇಲೆ. ಹಸಿದು ಬೆಳೆದ ನಾಯಿ ಎಷ್ಟೇ ಒಳ್ಳೆಯದಾದರೂ ತಾಟಿನ ಹತ್ತಿರ ಯಾರನ್ನೂ ನಂಬದು. ಈರುಳ್ಳಿ ಬೆಳೆಯುವ ಊರುಗಳಲ್ಲಿ ಇನ್ನೊಂದು ಮಾತು ಹೇಳಬೇಕು: ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಪಲ್ಯ ಎರಡಕ್ಕೂ ಒಳ್ಳೆಯದಲ್ಲ, ರಕ್ತ ಕೆಡಿಸುತ್ತದೆ.

ಬೆಕ್ಕಿನ ಕಡೆಗೂ ಲಕ್ಷ್ಯವಿರಲಿ. ಅದು ಬೊಗಳುವುದಿಲ್ಲ, ದೂರು ಹೇಳುವುದಿಲ್ಲ. ಅಟ್ಟದಿಂದ ಇಳಿಯದಿರುವುದು, ಎಂದೂ ಇಲ್ಲದೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ರಾತ್ರಿ ಪಕ್ಕದ ಮನೆಯಲ್ಲಿ ಕಳೆಯುವುದು, ಇವೇ ಅದರ ದೂರು. ಆಗ ನಾಯಿಯನ್ನು ಮತ್ತೆ ಕೊಟ್ಟಿಗೆಗೆ ಕಳಿಸಿ ಮೊದಲಿನಿಂದ ಶುರುಮಾಡಬೇಕು. ಎರಡು ದಿನ ಏನನ್ನೂ ಮುಟ್ಟದ ಬೆಕ್ಕನ್ನು ದವಾಖಾನೆಗೆ ಒಯ್ಯಿರಿ. ಉಪವಾಸದಿಂದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ.

ಎಲ್ಲ ನಾಯಿಗಳೂ ಇದನ್ನು ಕಲಿಯುತ್ತವೆ ಎಂದು ನಾನು ಹೇಳಲಾರೆ. ಮುಧೋಳದ ನಾಯಿಯಂತೆ ಕಣ್ಣಿನಿಂದಲೇ ಬೇಟೆ ಹಿಡಿಯುವ ತಳಿಗೆ ಓಡುವ ಬೆಕ್ಕೂ ಮೊಲವೂ ಒಂದೇ. ಮೊದಲೇ ಬೆಕ್ಕು ಕೊಂದು ರುಚಿ ಕಂಡ ನಾಯಿಯೂ ಹಾಗೆಯೇ. ಅಂಥದನ್ನು ಹೊಲದ ಮನೆಯಲ್ಲೋ ಕಣದಲ್ಲೋ ಸಾಕಿದರೆ ಒಳ್ಳೆಯ ಕೆಲಸಗಾರ. ಬೆಕ್ಕು ಸಾಮಾನ್ಯವಾಗಿ ಸುಂಡಿಲಿ, ಸಣ್ಣ ಇಲಿಗೆ ಕೈ ಹಾಕುತ್ತದೆಯೇ ಹೊರತು ದೊಡ್ಡ ಹೆಗ್ಗಣದ ತಂಟೆಗೆ ಹೋಗುವುದು ಕಡಿಮೆ. ಹೆಗ್ಗಣದ ಬಿಲ ಕೆದರುವುದು ನಾಯಿಯ ಕೆಲಸ. ಒಳಗಿನದು ಇದಕ್ಕೆ, ಹೊರಗಿನದು ಅದಕ್ಕೆ ಎಂದು ಹಂಚಿಕೊಟ್ಟರೆ ಒಂದರ ಮುಖ ಒಂದು ನೋಡಬೇಕಾದ್ದೇ ಇಲ್ಲ. ಹೊಲದ ಮನೆ ಇಲ್ಲದವರು ಬೆಕ್ಕಿಲ್ಲದ ಮನೆಯನ್ನು ಹುಡುಕಿ ಕೊಡಬಹುದು. ಆದರೆ ತಂದಲ್ಲಿಯೇ ಬಿಟ್ಟು ಬರುತ್ತೇನೆ ಎನ್ನಬೇಡಿ. ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಗೆ ಬೀದಿಯಲ್ಲಿ ಬಿಡುವುದು ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಇಷ್ಟು ಜಾಗ್ರತೆ ಮಾಡಿದರೂ ನಡುವೆ ಹೋದವರಿಗೆ ಹಲ್ಲೋ ಉಗುರೋ ತಾಗಬಹುದು. ತಾಗಿದ ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಬೆಕ್ಕು ಪರಚಿ ರಕ್ತ ಬಂದಿದ್ದರೂ ಇದೇ ಕ್ರಮ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಹೋಗೋಣ ಎಂದು ಕೂಡಬಾರದು. ನಾಯಿಯನ್ನು ನೋಡುವುದು ನೋಡುತ್ತಿರಲಿ, ಚುಚ್ಚುಮದ್ದು ಮೊದಲೇ ಶುರುವಾಗಬೇಕು. ಈ ರೋಗದ ಚಿಹ್ನೆ ಕಾಣಿಸಿದ ಮೇಲೆ ಉಳಿಸುವ ಔಷಧಿಯಿಲ್ಲ. ಹಿರಿಯರಲ್ಲಿ ಕೆಲವರು 'ಹೊಟ್ಟೆಗೆ ಹದಿನಾಲ್ಕು ಸೂಜಿ' ಎಂದು ಇನ್ನೂ ಅಂಜುತ್ತಾರೆ. ನಮ್ಮ ಬಳ್ಳಾರಿ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೦೭ರಲ್ಲಿ, ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದಾಗ ಚಿಕಿತ್ಸೆಗೆ ಅಷ್ಟು ದೂರ ಹೋಗಬೇಕಿತ್ತು. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆ ೨೦೦೫ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ, ನಾಲ್ಕೋ ಐದೋ ಸಲ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಚುಚ್ಚಬೇಕಾಗುತ್ತದೆ. ಮೊದಲೆರಡು ಚುಚ್ಚಿಸಿಕೊಂಡು, ಕಳೆ ಕೀಳುವ ಕೆಲಸ ಬಂತೆಂದು ಉಳಿದದ್ದನ್ನು ಬಿಡುವವರು ಬಹಳ ಜನ. ಆಸ್ಪತ್ರೆಯ ಚೀಟಿಯಲ್ಲಿ ಮುಂದಿನ ತಾರೀಖುಗಳನ್ನು ಬರೆಸಿಕೊಂಡು, ಅದನ್ನು ಕ್ಯಾಲೆಂಡರಿನ ಮೊಳೆಗೆ ಎಲ್ಲರ ಕಣ್ಣಿಗೆ ಬೀಳುವಂತೆ ಸಿಕ್ಕಿಸಿಡಿ.